ಡೋಸಿಂಗ್ ಪಂಪಿನ ಪೊರೆ

ನೀರು ಶುದ್ಧೀಕರಣಾಲಯದಲ್ಲಿ ನಾನು ಉದ್ಯೋಗಕ್ಕೆ ಸೇರಿದ ಕಾಲದಲ್ಲಿ, ಪಟಿಕದ ದ್ರಾವಣವನ್ನೂ ಹೈಪೋವನ್ನೂ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನೂ) ಪ್ರಮಾಣವರಿತು ನೀರಿಗೆ ಬೆರೆಸುತ್ತಿದ್ದ ಡೋಸಿಂಗ್ ಪಂಪುಗಳೆಲ್ಲವೂ ಪ್ಲಂಜರಿನವಾಗಿದ್ದುವು. ಪ್ಲಂಜರು ಹಾದುಹೋಗುವ ಗ್ಲ್ಯಾಂಡಿನೊಳಗೆ ಸುತ್ತಿದ ಪ್ಯಾಕಿಂಗು ಎಷ್ಟೇ ಬಿಗಿಯಾಗಿದ್ದರೂ ದ್ರಾವಣವು ಹನಿಹನಿಯಾಗಿ ಹೊರಬರುತ್ತಿದ್ದುದರಿಂದ, ಪಂಪಿನ ಪೀಠವು ತುಕ್ಕು ಹಿಡಿದು ಸವೆಯುತ್ತಿತ್ತು. ದಿನವೂ ಪ್ಯಾಕಿಂಗನ್ನು ಬಿಗಿಮಾಡುತ್ತಿದ್ದ ಫಿಟ್ಟರುಗಳ ಬೆರಳುಗಳ ಚರ್ಮವು ಬಿರಿದಿರುತ್ತಿತ್ತು.

ಅನಂತರ ಡಯಾಫ್ರಮ್ ಪಂಪುಗಳು ಬಂದುವು. ದ್ರಾವಣಕ್ಕೂ ಯಂತ್ರಕ್ಕೂ ನಡುವೆ ಬಾಗುವ ಪೊರೆಯೊಂದನ್ನು ಬಿಗಿದು, ಅದರ ಚಲನೆಯಿಂದಲೇ ದ್ರವವನ್ನು ಸೆಳೆದು ನೂಕುವ ಈ ಕ್ರಮದಲ್ಲಿ ಗ್ಲ್ಯಾಂಡಿನ ಸೋರಿಕೆಗೆ ಅವಕಾಶವೇ ಇಲ್ಲವಾಯಿತು. ಆದರೆ ಅದರೊಡನೆ ಪಂಪಿನ ಆಯುಷ್ಯವೆಲ್ಲವೂ ಆ ಪೊರೆಯ ದ್ರವ್ಯವನ್ನೇ ಅವಲಂಬಿಸಿತು. ಮೊದಲು ಬಂದ ರಬ್ಬರಿನ ಪೊರೆಗಳು, ಹೈಪೋವಿನ ಉತ್ಕರ್ಷಣಶಕ್ತಿಗೆ ಸಿಕ್ಕಿ ಗಡುಸಾಗಿ ಬಿರುಕುಬಿಡುತ್ತಿದ್ದುವು. ಇಪಿಡಿಎಂ ರಬ್ಬರು ಕಾಸ್ಟಿಕ್ ಸೋಡವನ್ನು ಸಹಿಸುವುದಾದರೂ ಖನಿಜತೈಲ ತಾಗಿದರೆ ಊದಿಕೊಳ್ಳುವುದು. ವೈಟಾನ್ ರಬ್ಬರು ತೈಲವನ್ನೂ ಅನೇಕ ಆಮ್ಲಗಳನ್ನೂ ಎದುರಿಸಬಲ್ಲುದಾದರೂ ಬಿಸಿಯಾದ ಕಾಸ್ಟಿಕ್ ದ್ರಾವಣದಲ್ಲಿ ಕೆಡುವುದು. ಹೀಗೆ ಒಂದರ ಗುಣವೇ ಇನ್ನೊಂದರ ದೋಷವಾಗಿರುವಲ್ಲಿ, ಎಲ್ಲಕ್ಕೂ ಒಂದೇ ಪೊರೆಯೆಂಬ ಮಾತಿಗೆ ಆಧಾರವಿಲ್ಲ.

1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಟೆಫ್ಲಾನ್, ಬಹುತೇಕ ಎಲ್ಲ ರಾಸಾಯನಿಕಗಳಿಗೂ ಜಗ್ಗದ ವಸ್ತುವಾಗಿ ಈ ಕ್ಷೇತ್ರಕ್ಕೂ ಬಂದಿತು. ಅದಕ್ಕೆ ರಬ್ಬರಿನ ಸ್ಥಿತಿಸ್ಥಾಪಕತೆಯಿಲ್ಲವಾದ್ದರಿಂದ, ದ್ರಾವಣದ ಕಡೆಗೆ ಟೆಫ್ಲಾನನ್ನೂ ಅದರ ಬೆನ್ನಿಗೆ ಬಟ್ಟೆಯ ಬಲವುಳ್ಳ ರಬ್ಬರನ್ನೂ ಕೂಡಿಸಿದ ಪೊರೆಗಳೇ ನಮ್ಮಲ್ಲಿ ನೆಲೆನಿಂತುವು. ಅಧಿಕ ಒತ್ತಡವಿರುವೆಡೆ ಪೊರೆಯನ್ನು ದಂಡದಿಂದ ನೂಕದೆ ಹಿಂಬದಿಯ ಎಣ್ಣೆಯಿಂದ ನೂಕುವ ಪಂಪುಗಳೂ ಬಂದು, ಎರಡು ಮುಖಗಳಲ್ಲಿಯೂ ಒತ್ತಡವು ಸಮವಾಗಿ, ಪೊರೆಯ ಶ್ರಮವು ಬಹಳಮಟ್ಟಿಗೆ ತಗ್ಗಿತು. ಆಮೇಲೆ ಬಂದ ಜೋಡಿ ಪೊರೆಗಳಲ್ಲಿ ಒಂದು ಹರಿದೊಡನೆ ನಡುವಿನ ಒತ್ತಡವೇರಿ ಎಚ್ಚರಿಕೆಯ ದೀಪ ಬೆಳಗುವುದನ್ನು ಕಂಡಾಗ, ಫಿಟ್ಟರುಗಳ ಕೈಗಳಿಗೆ ಕೊನೆಗೂ ರಕ್ಷಣೆ ದೊರೆಯಿತೆಂದು ನನ್ನ ಮನಸ್ಸು ಹಗುರವಾಯಿತು.

ಇಂದು ಪೊರೆಯನ್ನು ಕೊಳ್ಳುವವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಬೆಲೆಯನ್ನು ವಿಚಾರಿಸುವ ಮುನ್ನ ರಾಸಾಯನಿಕದ ಹೆಸರು, ಅದರ ಸಾಂದ್ರತೆ, ಉಷ್ಣತೆ, ಪಂಪಿನ ಒತ್ತಡ ಇವಿಷ್ಟನ್ನೂ ಬರೆದುಕೊಟ್ಟು ತಯಾರಕರ ಅಭಿಪ್ರಾಯವನ್ನು ಪಡೆಯಿರಿ, ಪೊರೆ ಹರಿಯುವವರೆಗೆ ಕಾಯದೆ ಅವಧಿಗೆ ಸರಿಯಾಗಿ ಬದಲಿಸಿರಿ.