ವಿಂಡೋಸ್ ತೆಗೆದ ಮೇಲೆ ಸಿಕ್ಕಿದ ಜಾಗ

ಕ್ರಿಸ್ಮಸ್ ರಜೆಯ ಎರಡನೇ ದಿನ. ಶಾಲಾ ವಾರ್ಷಿಕೋತ್ಸವದ ವೀಡಿಯೋಗಳನ್ನು ಲ್ಯಾಪ್‌ಟಾಪಿಗೆ ಹಾಕಲು ಕುಳಿತರೆ ‘ಜಾಗ ಇಲ್ಲ’ ಎಂದಿತು. 500 ಜಿಬಿಯ ಡಿಸ್ಕ್ ಮಾರಾಯ್ರೆ, ಜಾಗ ಇಲ್ಲ ಅಂದರೆ ಎಂತ?

(ನಿಜ ಹೇಳಬೇಕೆಂದರೆ ಪಾರ್ಟಿಷನ್ ಮಾಡುವ ತಂತ್ರಾಂಶದಲ್ಲಿ ಕಾಣುವುದು 465 ಮಾತ್ರ. ಡಿಸ್ಕ್ ತಯಾರಿಸುವವರದ್ದು 1000ದ ಲೆಕ್ಕ, ಇದರದ್ದು 1024ರ ಲೆಕ್ಕ. ಮೋಸ ಏನಿಲ್ಲ, ಅಳತೆಯ ಪಾವು ಬೇರೆ ಅಷ್ಟೆ.)

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಸಂಸಾರ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ಸ್ವತಂತ್ರ ತಂತ್ರಾಂಶದಲ್ಲಿ. ಮೊದಲು ಐಟಿ@ಸ್ಕೂಲ್ ಎಂದಿದ್ದು 2017ರಲ್ಲಿ ಕೈಟ್ ಆದ ಸಂಸ್ಥೆ ಉಬುಂಟುವನ್ನು ಶಾಲೆಗೆ ಬೇಕಾದ ಹಾಗೆ ಹೊಂದಿಸಿ ಕೊಡುತ್ತದೆ. ಹಾಗಾಗಿ ಶಾಲೆಯ ಕೆಲಸಕ್ಕೆ ಉಬುಂಟು, ಹಳೆಯ ಅಭ್ಯಾಸದ ಕನ್ನಡ ಟೈಪಿಂಗಿಗೆ ವಿಂಡೋಸ್. ಈಗ ಕನ್ನಡವನ್ನೂ ಉಬುಂಟುವಿನಲ್ಲೇ ಯೂನಿಕೋಡಿನಲ್ಲಿ ಬರೆಯುತ್ತೇನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11ಕ್ಕೆ ಹೋಗುವಷ್ಟು ನನ್ನ ಯಂತ್ರ ಹೊಸತಲ್ಲ. ವಿಂಡೋಸ್ ತೆರೆಯದೆ ವರ್ಷವೇ ಆಗಿತ್ತು. ಆದರೂ ಅದರ ಸಿ ಡ್ರೈವಿಗೆ 364 ಜಿಬಿ, ನಾನು ದಿನಾ ದುಡಿಯುವ ಉಬುಂಟುವಿಗೆ 100. ಊರು ಬಿಟ್ಟುಹೋದ ಅಣ್ಣನ ಪಾಲಿನ ಗದ್ದೆ ಬೀಳು ಬಿದ್ದಿರುತ್ತದೆ, ಊರಲ್ಲೇ ಇರುವ ತಮ್ಮ ನಾಲ್ಕು ಬದನೆ ಗಿಡ ನೆಡಲು ಜಾಗ ಹುಡುಕುತ್ತಾನೆ, ಹಾಗಾಯಿತು.

ತೆಗೆದುಬಿಡುವುದೇ ಸರಿ ಎಂದುಕೊಂಡು ನಮ್ಮ ಶಾಲೆಯ ಐಟಿ ನೋಡಿಕೊಳ್ಳುವ ಟೀಚರಿಗೆ ಫೋನ್ ಮಾಡಿದೆ. ಅವರ ಮನೆಮಾತು ಮಲಯಾಳ. ನಮ್ಮೊಡನೆ ಮಾತನಾಡಿ ಮಾತನಾಡಿ ಕನ್ನಡ ಕಲಿತವರು.

“ಮಾಷೇ, ಡಿಲೀಟ್ ಮಾಡ್ಲಿಕ್ಕೆ ಎರಡು ನಿಮಿಷ ಸಾಕು. ಮೊದಲು ಒಳಗೆ ಎಂತ ಉಂಟು ಅಂತ ಎರಡು ದಿವಸ ನೋಡಿ.”

ಎಂತ ಇರುತ್ತದೆ, ಹಳೆಯ ಪ್ರಶ್ನೆಪತ್ರಿಕೆ, ಸುತ್ತೋಲೆ ಎಂದುಕೊಂಡೇ ನೋಡಿದೆ. ‘ಹಸ್ತಪತ್ರಿಕೆ’ ಎಂಬ ಫೋಲ್ಡರ್ ಇತ್ತು. 2008ರಿಂದ 2017ರವರೆಗೆ ಮಕ್ಕಳು ಬರೆದದ್ದನ್ನೆಲ್ಲ ಪ್ರತಿವರ್ಷ ಕುಳಿತು ‘ನುಡಿ’ಯಲ್ಲಿ ಟೈಪ್ ಮಾಡಿಟ್ಟಿದ್ದೆ. ಮಕ್ಕಳ ಕೈಬರಹದ ಮೂಲ ಪ್ರತಿಗಳನ್ನು ಸ್ಟಾಫ್ ರೂಮಿನ ಕಪಾಟಿನಲ್ಲಿ ಗೆದ್ದಲು ಓದಿ ಮುಗಿಸಿ ಎಷ್ಟೋ ವರ್ಷವಾಗಿದೆ.

ಉಬುಂಟುವಿನಿಂದಲೇ ಒಂದು ಕಡತ ತೆರೆದೆ. ಎದೆ ಧಸಕ್ಕೆಂದಿತು. ಕನ್ನಡದ ಒಂದಕ್ಷರ ಇಲ್ಲ! ತಲೆಯ ಮೇಲೆ ಕೊಂಬು, ಚುಕ್ಕಿ, ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ಸಂತೆ.

ಕಡತ ಹಾಳಾಗಿರಲಿಲ್ಲ. ನಾನು ಬಳಸಿದ್ದ ಆ ಕಾಲದ ನುಡಿ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳ ಮನೆಗಳಲ್ಲಿ. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ, ಫಾಂಟ್ ಎಂಬ ಕನ್ನಡಕ ಹಾಕಿದರೆ ಮಾತ್ರ ಕನ್ನಡ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಮನೆಗಳಿದ್ದವು, ನಮ್ಮ ಕೈಗೆ ಅದು ತಲುಪಿದ್ದು ತಡವಾಗಿ. ಅಲ್ಲಿಯವರೆಗೆ ನಮ್ಮ ಕೆಲಸ ನಡೆಸಿಕೊಟ್ಟದ್ದು ನುಡಿ, ಬರಹಗಳೇ. ಆ ಋಣ ಮರೆಯಬಾರದು.

ಆಗ ನೆನಪಾಯಿತು ನೋಡಿ. ವರ್ಷದ ಹಿಂದೆ ಗಲ್ಫಿನಿಂದ ಒಬ್ಬ ಹಳೆಯ ವಿದ್ಯಾರ್ಥಿ ಫೋನ್ ಮಾಡಿದ್ದ. “ಸರ್, ಅಜ್ಜಿ ತೀರಿಹೋದ್ರು. ಆರನೇ ಕ್ಲಾಸಲ್ಲಿ ಅಜ್ಜಿ ಹೇಳಿದ ಕಡವಿನ ಕತೆ ಬರೆದಿದ್ದೆ. ನಿಮ್ಮ ಹತ್ರ ಉಂಟಾ?” ಅಜ್ಜಿ ಸಣ್ಣವರಿರುವಾಗ ಅಕ್ಕಿಮುಡಿಯೊಂದಿಗೆ ಚಂದ್ರಗಿರಿ ಹೊಳೆ ದಾಟಿದ ಕತೆ ಅದು. “ಉಂಟು, ಹುಡುಕಿ ಕಳಿಸ್ತೇನೆ” ಎಂದಿದ್ದೆ. ಆಮೇಲೆ ಚುನಾವಣೆ ಕೆಲಸ, ಕಲೋತ್ಸವ, ಪರೀಕ್ಷೆ... ಮರೆತೇ ಬಿಟ್ಟೆ. ಆ ಕತೆಯೂ ಈ ಸಂತೆಯೊಳಗೇ ಇತ್ತು.

ಟೀಚರ್ ಹೇಳಿದ ಎರಡು ದಿನ ನಾಲ್ಕಾಯಿತು. ಒಮ್ಮೆ ವಿಂಡೋಸಿಗೆ ಹೋಗಿ ಶಿಫ್ಟ್ ಕೀಲಿ ಒತ್ತಿ ಹಿಡಿದು ಪೂರ್ತಿ ಶಟ್ ಡೌನ್ ಮಾಡಿದೆ. ಇಲ್ಲದಿದ್ದರೆ ಅದು ಅರೆನಿದ್ದೆಯಲ್ಲೇ ಇರುತ್ತದೆ, ಉಬುಂಟು ಆ ಪಾಲನ್ನು ಓದುತ್ತದೆ, ಬರೆಯಲು ಬಿಡುವುದಿಲ್ಲ. ಫೋಲ್ಡರನ್ನೂ ನುಡಿಯ ಫಾಂಟುಗಳನ್ನೂ ನಕಲಿಸಿ ಒಂದು ಪ್ರತಿ ಪೆನ್‌ಡ್ರೈವಿಗೆ, ಇನ್ನೊಂದು ಭಾವನ ಹಾರ್ಡ್ ಡಿಸ್ಕಿಗೆ ಹಾಕಿದೆ. ಫಾಂಟನ್ನು ಉಬುಂಟುವಿನಲ್ಲಿ ಸ್ಥಾಪಿಸಿದೊಡನೆ ಲಿಬ್ರೆ ಆಫೀಸಿನಲ್ಲಿ ಮಕ್ಕಳ ಕನ್ನಡ ಎದ್ದು ಕುಳಿತಿತು. ಆಮೇಲೆ ಪರಿವರ್ತಕದಲ್ಲಿ ಒಂದೊಂದನ್ನೇ ಯೂನಿಕೋಡಿಗೆ ತಂದು, ಹಳೆಯದನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಕಣ್ಣುಮುಚ್ಚಿ ನಂಬುವಂತಿಲ್ಲ. ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದೇ ತಿಳಿದು ಏನೇನೋ ಮಾಡಿಡುತ್ತದೆ.

ಐದನೆಯ ದಿನ ಜಿಪಾರ್ಟೆಡ್ ತೆರೆದೆ. ವಿಂಡೋಸಿನದು ಅಂತ ಎಲ್ಲವನ್ನೂ ಅಳಿಸಬಾರದು. ಆರಂಭದಲ್ಲಿರುವ 100 ಎಂಬಿಯ ಪುಟ್ಟ ಇಎಫ್ಐ ಪಾಲನ್ನು ಮಾಡಿದ್ದು ವಿಂಡೋಸೇ ಆದರೂ ಉಬುಂಟು ಎದ್ದೇಳುವುದೂ ಅಲ್ಲಿಂದಲೇ. ಅದು ಇಬ್ಬರಿಗೂ ಸೇರಿದ ಬಾವಿ ಇದ್ದ ಹಾಗೆ, ಮುಚ್ಚಿದರೆ ನಮಗೂ ನೀರಿಲ್ಲ. ಅದನ್ನು ಬಿಟ್ಟು 16 ಎಂಬಿಯ ಮೀಸಲು ಪಾಲು, ಸಿ ಡ್ರೈವ್, ಕೊನೆಯಲ್ಲಿದ್ದ ಅರ್ಧ ಜಿಬಿಯ ರಿಕವರಿ, ಈ ಮೂರನ್ನು ಅಳಿಸಲು ಗುರುತು ಮಾಡಿದೆ. ಜಿಪಾರ್ಟೆಡ್‌ನಲ್ಲಿ ಅಪ್ಲೈ ಒತ್ತುವವರೆಗೆ ಏನೂ ಆಗುವುದಿಲ್ಲ. ಮೂರು ಸಲ ಓದಿ ಒತ್ತಿದೆ. ಎರಡು ನಿಮಿಷವೂ ಬೇಕಾಗಲಿಲ್ಲ.

ಸಿಕ್ಕಿದ ಜಾಗ ತಾನಾಗಿ ಉಬುಂಟುವಿಗೆ ಸೇರಿತೇ? ಇಲ್ಲ. ಪಾರ್ಟಿಷನ್ ಹಿಗ್ಗಬೇಕಾದರೆ ಖಾಲಿ ಜಾಗ ಒತ್ತಿಗೇ ಇರಬೇಕು. ಬಲಕ್ಕಿದ್ದರೆ ಸುಲಭ. ನನ್ನದು ಎಡಕ್ಕಿತ್ತು. ಎಡಕ್ಕೆ ಹಿಗ್ಗಬೇಕಾದರೆ ಪಾರ್ಟಿಷನ್ನಿನ ಆರಂಭವೇ ಹಿಂದೆ ಸರಿಯಬೇಕು, ಅಂದರೆ 100 ಜಿಬಿಯನ್ನು ಹೊತ್ತು ಬೇರೆ ಕಡೆ ಇಡಬೇಕು. ಪೆನ್‌ಡ್ರೈವಿನಿಂದ ಉಬುಂಟು ಎಬ್ಬಿಸಿ ಮಾಡುವ ಗಂಟೆಗಟ್ಟಲೆ ಕೆಲಸ, ನಡುವೆ ಕರೆಂಟ್ ಹೋದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ನನ್ನ ಬ್ಯಾಟರಿ ತಡೆಯುವುದು ಇಪ್ಪತ್ತು ನಿಮಿಷ. ಆ ಆಸೆ ಬಿಟ್ಟೆ.

ಗದ್ದೆಯ ಹುಣಿ ಕಡಿಯದೆ ಪಕ್ಕದ ಗದ್ದೆಯನ್ನೂ ಬೇಸಾಯ ಮಾಡಬಹುದಲ್ಲ? ಖಾಲಿ ಜಾಗದಲ್ಲಿ ಹೊಸ ಇಎಕ್ಸ್‌ಟಿ4 ಪಾರ್ಟಿಷನ್ ಮಾಡಿ, ಯಂತ್ರ ಎದ್ದಾಗಲೆಲ್ಲ ತಾನಾಗಿ ಸೇರಿಕೊಳ್ಳುವಂತೆ ಅದರ ಯುಯುಐಡಿಯನ್ನು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬರೆದೆ. ಎರಡು ಕಡೆ ಎಡವಿದೆ. ಹೊಸ ಪಾಲಿನ ಯಜಮಾನಿಕೆ ‘ರೂಟ್’ ಹೆಸರಲ್ಲಿರುತ್ತದೆ, ನಮ್ಮ ಹೆಸರಿಗೆ ಮಾಡಿಕೊಳ್ಳದೆ ಒಂದು ಕಡತವನ್ನೂ ಇಡಲಾಗುವುದಿಲ್ಲ. ಮತ್ತೆ, ಏನೂ ಇಡುವ ಮೊದಲೇ 18 ಜಿಬಿ ಮಾಯ! ಇಎಕ್ಸ್‌ಟಿ4 ಶೇಕಡಾ 5ನ್ನು ವ್ಯವಸ್ಥೆಗೆಂದು ಮೀಸಲಿಡುತ್ತದೆ. ಬರೇ ಕಡತ ಇಡುವ ಪಾಲಿಗೆ ಅಷ್ಟು ಬೇಡ, ಟ್ಯೂನ್2ಎಫ್‌ಎಸ್ ಎಂಬ ಆಜ್ಞೆಯಿಂದ ಶೇಕಡಾ 1ಕ್ಕೆ ಇಳಿಸಿದೆ. ಕೊನೆಗೆ ಗ್ರಬ್ ಪಟ್ಟಿಯಿಂದ ವಿಂಡೋಸಿನ ಹೆಸರನ್ನೂ ತೆಗೆದೆ.

ಆ ರಾತ್ರಿಯೇ ಹುಡುಗನಿಗೆ ಕಡವಿನ ಕತೆ ಕಳಿಸಿದೆ. ತಡವಾದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಮರುದಿನ ಅವನ ಧ್ವನಿ ಸಂದೇಶ ಬಂತು. ಬಹಳ ಸಂತೋಷಪಟ್ಟಿದ್ದ. ಕೊನೆಯಲ್ಲಿ ಸ್ವಲ್ಪ ತಡೆದು, “ಸರ್, ಅಜ್ಜಿ ದೋಣಿ ಅಂತ ಹೇಳ್ತಿರ್ಲಿಲ್ಲ. ‘ಓಡ’ ಅಂತ ಹೇಳ್ತಿದ್ರು. ನಾನೂ ಹಾಗೇ ಬರೆದಿದ್ದೆ. ನೀವು ತಿದ್ದಿದ್ದು” ಎಂದ.

ಅವನ ಮನೆಮಾತು ತುಳು. ಕೆಂಪು ಶಾಯಿಯಲ್ಲಿ ನಾನು ಹೊಡೆದು ಹಾಕಿರಬೇಕು. ಒಳ್ಳೆಯ ಕನ್ನಡ ಬರಲಿ ಎಂದೇ ಮಾಡಿದ್ದು. ಮೂಲ ಪ್ರತಿ ಗೆದ್ದಲಿನ ಪಾಲು. ಆ ಹತ್ತು ವರ್ಷಗಳಲ್ಲಿ ಹೀಗೆ ಎಷ್ಟು ಅಜ್ಜಿಯರ ಮಾತು ಅಳಿಸಿದ್ದೇನೋ, ಅದನ್ನು ಯಾವ ತಂತ್ರಾಂಶವೂ ಹಿಂದೆ ತಂದುಕೊಡುವುದಿಲ್ಲ.

ಆ ಕಡತದಲ್ಲಿ ದೋಣಿಯನ್ನೆಲ್ಲ ಓಡ ಮಾಡಿದೆ. ಯೂನಿಕೋಡಿನಲ್ಲಿ ‘ದೋಣಿ’ಗೆ 12 ಬೈಟ್, ‘ಓಡ’ಕ್ಕೆ 6. ಜಾಗವೂ ಉಳಿಯಿತು ಅನ್ನಿ!

ನಿಮ್ಮ ಹಳೆಯ ಕಂಪ್ಯೂಟರುಗಳಲ್ಲೂ ನುಡಿ, ಬರಹದ ಇಂಥ ಕಡತಗಳು ಇರಬಹುದು. ಅಳಿಸುವ ಮೊದಲು ಒಮ್ಮೆ ತೆರೆದು ನೋಡಿ. ಕನ್ನಡ ಕಾಣಿಸದಿದ್ದರೆ ಗಾಬರಿಯಾಗಬೇಡಿ, ಫಾಂಟನ್ನು ಮಾತ್ರ ಬಿಸಾಡಬೇಡಿ.