ಇಂಟರ್ನ್ ಬೆಳೆದದ್ದು ಯಾವಾಗ?

ಜಯನಗರದ ಒಂದು ಸಣ್ಣ ಡಿಸೈನ್ ಸ್ಟುಡಿಯೊದಲ್ಲಿ ಕನ್ನಡ ಬರೆದುಕೊಡುವುದು ನನ್ನ ಕೆಲಸ. ಆ್ಯಪಿನ ಬಟನ್ ಮೇಲೆ ‘ಮುಂದೆ’ ಅಂತಿರಬೇಕೋ ‘ಮುಂದುವರಿಯಿರಿ’ ಅಂತಿರಬೇಕೋ ಎಂದು ತಲೆಕೆಡಿಸಿಕೊಳ್ಳುವುದಕ್ಕೆ ನನಗೆ ಸಂಬಳ. ಆಗಾಗ ಡಿಸೈನ್ ಕಾಲೇಜಿನ ಮಕ್ಕಳು ಇಂಟರ್ನ್‌ಶಿಪ್ಪಿಗೆಂದು ಬಂದು ಪಕ್ಕದ ಮೇಜಿನಲ್ಲಿ ಕೂರುತ್ತಾರೆ. ಹೋಗುವಾಗ ಎಲ್ಲರದೂ ಒಂದೇ ಮಾತು: “ಇಲ್ಲಿ ತುಂಬಾ ಬೆಳೆದೆ ಸಾರ್.” ಬೆಳೆದದ್ದು ನಿಜವೇ ಇರಬೇಕು. ಯಾವಾಗ ಬೆಳೆದರು ಎಂಬುದು ಮಾತ್ರ ಪಕ್ಕದಲ್ಲೇ ಕೂತವನಿಗೆ ಕಂಡಿಲ್ಲ. ಈ ಸಲ ಕಣ್ಣಿಟ್ಟು ನೋಡೋಣವೆಂದು ಗೀಚಿಕೊಂಡದ್ದು ಇದು.

*

ಈ ಸಲ ಬಂದವರು ಇಬ್ಬರು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಧಾರವಾಡದ ಹುಡುಗ. ಕೆಲಸ: ರೇಷ್ಮೆ ಬೆಳೆಗಾರರಿಗೆ ಗೂಡಿನ ಧಾರಣೆ ತೋರಿಸುವ ಆ್ಯಪ್. ಇಬ್ಬರೂ ಮೊದಲು ಮಾಡಿದ್ದು ಬಿಳಿ ಬೋರ್ಡಿನ ಮೇಲೆ ಎರಡು ವಜ್ರಾಕೃತಿ ಬರೆದದ್ದು. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2005ರಲ್ಲಿ ಚಾಲ್ತಿಗೆ ತಂದ ‘ಡಬಲ್ ಡೈಮಂಡ್’ ಅದು. ಮೊದಲು ಸಮಸ್ಯೆಯನ್ನು ಅಗಲಿಸಿ ನೋಡು, ಆಮೇಲೆ ಕಿರಿದು ಮಾಡು. ಪರಿಹಾರವನ್ನೂ ಹಾಗೇ ಅಗಲಿಸು, ಕಿರಿದು ಮಾಡು. ಚಿತ್ರ ಚೆನ್ನಾಗಿದೆ. ಆದರೆ ಈ ಆಫೀಸಿನಲ್ಲಿ ಯಾವ ಕೆಲಸವೂ ಆ ಆಕಾರದಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಕೆಲಸ ಮುಗಿದ ಮೇಲೆ ಪೋರ್ಟ್‌ಫೋಲಿಯೊದಲ್ಲಿ ಮಾತ್ರ ಎಲ್ಲವೂ ಆ ಆಕಾರದಲ್ಲೇ ನಡೆದಿರುತ್ತದೆ. ಮಧ್ಯದ ಗಂಟುಗಳೆಲ್ಲ ಎಲ್ಲಿ ಹೋದವು? ಕಲಿತದ್ದು ಆ ಗಂಟುಗಳಲ್ಲೇ ಅಲ್ಲವೇ?

*

ಹುಡುಗಿಯ ಮೊದಲ ಸ್ಕ್ರೀನುಗಳು ನಿಜಕ್ಕೂ ಚಂದ. ಅಕ್ಷರ ಬರಬೇಕಾದ ಕಡೆಯೆಲ್ಲ ‘ಲೋರೆಮ್ ಇಪ್ಸಮ್’ ತುಂಬಿದ್ದಳು. ಸಿಸೆರೊನ ಲ್ಯಾಟಿನ್ ಬರಹವನ್ನು ಕಲಸಿ ಮಾಡಿದ ಆ ಅರ್ಥವಿಲ್ಲದ ಪಠ್ಯಕ್ಕೆ ಒತ್ತಕ್ಷರವೂ ಇಲ್ಲ, ಕೊಂಬೂ ಇಲ್ಲ. ಎಷ್ಟು ಕಿರಿದಾದ ಡಬ್ಬಿಯಲ್ಲಾದರೂ ಸುಮ್ಮನೆ ಕೂರುತ್ತದೆ. ನಾನು ‘ರಾಷ್ಟ್ರೀಯ’, ‘ಸ್ತ್ರೀಶಕ್ತಿ’ ಎಂದು ನಿಜವಾದ ಮಾತು ಹಾಕಿಕೊಟ್ಟೆ. ಒತ್ತಿನ ಕೆಳಗೆ ಇನ್ನೊಂದು ಒತ್ತು ನೇತಾಡಿ, ಕೆಳಗಿನ ಅರ್ಧ ಬಟನ್ ಅಂಚಿಗೆ ಕತ್ತರಿಸಿಹೋಯಿತು. ಸಾಲುಗಳ ನಡುವಿನ ಅಂತರ ಹೆಚ್ಚಿಸಿದಳು. ಇಡೀ ಪುಟ ಕೆಳಕ್ಕೆ ಜಾರಿತು. ಅಕ್ಷರದ ಗಾತ್ರ ಇಳಿಸಿದಳು, ಓದಲಾಗಲಿಲ್ಲ. ಸಂಜೆಯವರೆಗೂ ಅದೇ.

ಮರುದಿನ ಬಂದವಳೇ, “ಸಾರ್, ನಿಮ್ಮ ಹತ್ರ ಇರೋ ಅತಿ ಕಷ್ಟದ ಪದಗಳನ್ನೇ ಮೊದಲು ಕೊಡಿ” ಅಂದಳು. ಇದನ್ನು ಬೆಳವಣಿಗೆ ಎಂದು ಬರೆದುಕೊಳ್ಳಲೇ? ರಾತ್ರಿಯಲ್ಲಿ ಏನೋ ಆಗಿದೆ. ಅದು ಆಗುವಾಗ ನಾನಲ್ಲಿ ಇರಲಿಲ್ಲ.

*

“ಐವರು ಬಳಕೆದಾರರ ಹತ್ತಿರ ಪರೀಕ್ಷೆ ಮಾಡಿದರೆ ಸಾಕು” ಎಂದು ಇಬ್ಬರೂ ಹೇಳುತ್ತಾರೆ. ಐದೇ ಯಾಕೆ ಎಂದು ಕೇಳಿದೆ. ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಲೇಖನದ ಲೆಕ್ಕವಂತೆ. ಒಬ್ಬ ಬಳಕೆದಾರನಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಹೊರಬೀಳುತ್ತವೆ. ಐವರಾಗುವ ಹೊತ್ತಿಗೆ ಸುಮಾರು ಶೇ 85. ಅಲ್ಲಿಂದ ಮುಂದೆ ಹೆಚ್ಚು ಮಂದಿ ಬಂದರೂ ಹೇಳಿದ್ದನ್ನೇ ಹೇಳುತ್ತಾರೆ. ಅವರೆಲ್ಲ ಒಂದೇ ಬಗೆಯ ಬಳಕೆದಾರರಾಗಿರಬೇಕು ಎಂಬ ಷರತ್ತೂ ಅದೇ ಲೇಖನದಲ್ಲಿದೆ. ಇದು ಇಬ್ಬರಿಗೂ ಆಗ ನೆನಪಿರಲಿಲ್ಲ.

ಸ್ಟುಡಿಯೊದಲ್ಲಿ ಅವರನ್ನು ನೋಡಿಕೊಳ್ಳುವ ಮೆಂಟರ್ ಇಬ್ಬರನ್ನೂ ರಾಮನಗರದ ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋದೆ. ಒಬ್ಬ ಯಜಮಾನರ ಕೈಗೆ ಹುಡುಗಿ ಫೋನು ಕೊಟ್ಟಳು. ಅವರು ಅದನ್ನು ತಿರುಗಿಸಿಯೂ ನೋಡದೆ ಮಗನ ಕೈಗೆ ದಾಟಿಸಿ, “ಏನೈತಪ್ಪಾ ಓದು” ಅಂದರು. ಮಗ ಓದಿದ, ಅಪ್ಪ ಕೇಳಿಸಿಕೊಂಡರು, ತೀರ್ಮಾನ ಅಪ್ಪನದು. ಈಗ ಬಳಕೆದಾರ ಯಾರು? ಒತ್ತುವ ಬೆರಳೋ, ಒಪ್ಪುವ ತಲೆಯೋ? ಐವರ ಲೆಕ್ಕದಲ್ಲಿ ಇವರಿಬ್ಬರು ಒಬ್ಬರೋ ಇಬ್ಬರೋ?

*

ಅದೇ ಮಾರುಕಟ್ಟೆಯಲ್ಲಿ ಇನ್ನೊಂದು ಪ್ರಸಂಗ. ಹುಡುಗಿ ಒಂದು ತಿಂಗಳ ಧಾರಣೆಯ ಏರಿಳಿತವನ್ನು ಅಂದವಾದ ಗೆರೆಯಲ್ಲಿ ಬರೆದಿದ್ದಳು. ಇನ್ನೊಬ್ಬ ರೈತರು ನೋಡಿ ಹೇಳಿದರು: “ಚೆನ್ನಾಗೈತಮ್ಮಾ. ಆದ್ರೆ ಗೂಡು ತಂದಾಯ್ತಲ್ಲ, ಈಗ್ಯಾಕೆ?” ಗೂಡನ್ನು ಮನೆಯಲ್ಲಿಟ್ಟುಕೊಂಡು ಒಳ್ಳೇ ಬೆಲೆಗೆ ಕಾಯುವ ಹಾಗಿಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡ ನೂಲು ಬರುವುದಿಲ್ಲ. ಅವರಿಗೆ ಬೇಕಾಗಿದ್ದು ಹಿಂದಿನ ದಿನದ ಸಂಜೆಯ ಒಂದು ಮಾತು: ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ್ದನ್ನು ನಾಳೆ ರಾಮನಗರಕ್ಕೆ ಹಾಕುವುದೋ, ಶಿಡ್ಲಘಟ್ಟಕ್ಕೋ?

*

ರಾಮನಗರದಿಂದ ಬಂದ ಮೇಲೆ ಹುಡುಗಿ ಕೆಲಸವನ್ನೇ ಮಾಡಲಿಲ್ಲ. ಮಾಡಿದ ಹಾಗೆ ಕಾಣಲಿಲ್ಲ ಎನ್ನುವುದು ಸರಿ. ಫೈಲ್ ತೆರೆದಿಟ್ಟು ಸುಮ್ಮನೆ ಕೂರುತ್ತಿದ್ದಳು. ಬೆಳಗಿನ ಮೀಟಿಂಗಿನಲ್ಲಿ “ನಿನ್ನೆ ಏನು ಮಾಡಿದೆ?” ಎಂದರೆ ಉತ್ತರವಿಲ್ಲ. ಮೆಂಟರ್ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ರೇಷ್ಮೆಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಬೆಳೆಗಾರರು ಅದಕ್ಕೆ ‘ಜ್ವರ’ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ. ಆಗ ಹುಳು ಸೊಪ್ಪು ಮುಟ್ಟುವುದಿಲ್ಲ; ತಲೆಯೆತ್ತಿಕೊಂಡು ಸುಮಾರು ಒಂದು ದಿನ ಅಲ್ಲಾಡದೆ ಇರುತ್ತದೆ. ತಿಳಿಯದವನಿಗೆ ರೋಗ ಬಂದಂತೆ ಕಾಣುತ್ತದೆ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟಲು ಹಣ್ಣಾಗುವ ಹೊತ್ತಿಗೆ ಸುಮಾರು 10,000 ಪಟ್ಟು ತೂಕ ಹೆಚ್ಚುವ ಜೀವ ಅದು. ಹಳೆಯ ಚರ್ಮ ಹಿಡಿಸುವುದಿಲ್ಲ. ಹುಡುಗಿಗೂ ಹಾಗೇ ಆಗಿತ್ತು ಎಂದು ಬರೆಯಲು ಆಸೆ. ಆದರೆ ನಿಜವಾಗಿ ರೋಗ ಬಂದ ಹುಳುವೂ ಸೊಪ್ಪು ಬಿಡುತ್ತದೆ. ಹೊರಗಿನಿಂದ ನೋಡುವವನು ಎರಡನ್ನೂ ಹೇಗೆ ಬೇರೆ ಮಾಡಬೇಕು? ಅನುಭವದ ಬೆಳೆಗಾರರಿಗೆ ಗೊತ್ತಾಗುತ್ತದೆ. ಮೆಂಟರುಗಳಿಗೆ ಗೊತ್ತಾಗುತ್ತದೆಯೇ?

*

ಒಂದು ದಿನ ಅವಳ ಸ್ಕ್ರೀನಿನಲ್ಲಿ ಆ ಗೆರೆಯ ಚಿತ್ರ ಇರಲಿಲ್ಲ. ಮಾರುಕಟ್ಟೆಗಳ ಹೆಸರು, ಎದುರಿಗೆ ಇವತ್ತಿನ ಧಾರಣೆ, ಮಿಶ್ರತಳಿ ಗೂಡಿಗೆ ಒಂದು, ಬೈವೋಲ್ಟಿನ್‌ಗೆ ಒಂದು, ಪಕ್ಕದಲ್ಲಿ ಗಟ್ಟಿಯಾಗಿ ಓದಿ ಹೇಳುವ ಗುಂಡಿ. ಅಷ್ಟೇ. ಕ್ಲೈಂಟ್ ಕಡೆಯವರು ಚಿತ್ರ ಯಾಕೆ ತೆಗೆದಿರಿ ಎಂದಾಗ ಮೆಂಟರ್ ಬಾಯಿ ತೆರೆಯುವ ಮೊದಲೇ ಇವಳು ಹೇಳಿದಳು: “ಅದು ಬೇಕು ಸಾರ್, ಆದ್ರೆ ಹಿಂದಿನ ಪುಟದಲ್ಲಿ. ಮುಂದಿನ ಬೆಳೆಗೆ ಚಾಕಿ ಹುಳು ತರುವಾಗ ನೋಡ್ತಾರೆ.” ಮೊದಮೊದಲು ಊಟದ ಆರ್ಡರ್ ಹೇಳುವುದಕ್ಕೂ ತಡವರಿಸುತ್ತಿದ್ದವಳು. ಇದು ವೃತ್ತಿಯ ಬೆಳವಣಿಗೆಯೋ, ಸ್ವಭಾವದ್ದೋ? ಇಂಟರ್ನ್ ಮೌಲ್ಯಮಾಪನದ ಫಾರ್ಮಿನಲ್ಲಿ ಎರಡಕ್ಕೂ ಬೇರೆಬೇರೆ ಕಾಲಂ ಇದೆ. ಆ ಒಂದು ಮಾತನ್ನು ಎಲ್ಲಿ ತುಂಬುವುದು?

*

ಹುಡುಗನನ್ನು ಮರೆಯಬಾರದು. ಅವನಿಗೆ ಯಾವ ಜ್ವರವೂ ಬರಲಿಲ್ಲ. “ಸರ, ಇದು ಹ್ಯಾಂಗ ಅನಸ್ತದ ರೀ?” ಎಂದು ದಿನಕ್ಕೊಂದು ಹೊಸ ಸ್ಕ್ರೀನ್ ತೋರಿಸುತ್ತಿದ್ದ. ಬಂದಾಗ ಅವನ ಫೈಲುಗಳ ಹೆಸರು ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’. ಹೋಗುವ ಹೊತ್ತಿಗೆ ಪ್ರತಿ ಲೇಯರಿಗೂ ಹೆಸರು, ಪ್ರತಿ ಬಣ್ಣಕ್ಕೂ ಗುರುತು, ಹಿನ್ನೆಲೆಗೂ ಅಕ್ಷರಕ್ಕೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್. ಡೆವಲಪರುಗಳು ಅವನನ್ನು ಏನೂ ಕೇಳದೆ ಕೆಲಸ ಮುಗಿಸುತ್ತಿದ್ದರು. ಕೆಲಸದ ಆಫರ್ ಬಂದದ್ದು ಅವನಿಗೆ. ಹುಡುಗಿಯೇ ಹೆಚ್ಚು ಬೆಳೆದಳು ಎಂದು ನನ್ನ ಮನಸ್ಸು ಹಟ ಹಿಡಿಯುತ್ತದೆ. ಅವಳು ಒದ್ದಾಡಿದ್ದನ್ನು ನಾನು ನೋಡಿದೆ, ಅದಕ್ಕಿರಬಹುದು. ಒದ್ದಾಡದೆ ಬೆಳೆದವರಿಗೆ ನಾವು ಅಂಕ ಕಡಿಮೆ ಕೊಡುತ್ತೇವೆಯೇ?

*

ಡಿಸೈನ್ ಓದುವ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಈಮ್ಸ್ ದಂಪತಿಯ ಹೆಸರು ಹೇಳುತ್ತಾರೆ. ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂತು. ತಾವು ಭಾರತದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಹೆಚ್ಚು ಮೆಚ್ಚಿದ್ದು ನೀರಿನ ಚೊಂಬನ್ನು. ಅದನ್ನು ಯಾರೋ ಒಬ್ಬರು ವಿನ್ಯಾಸ ಮಾಡಿದ್ದಲ್ಲ, ತಲೆಮಾರುಗಳು ತಿದ್ದುತ್ತ ಬಂದದ್ದು ಎಂಬುದು ಅವರ ವಾದ. ಹಾಗಾದರೆ ಚೊಂಬು ಯಾರ ಪೋರ್ಟ್‌ಫೋಲಿಯೊಗೆ ಸೇರಬೇಕು? ನಮ್ಮ ಆ್ಯಪಿನಲ್ಲಿ “ಗೂಡು ತಂದಾಯ್ತಲ್ಲ” ಎಂದ ರೈತರ ಪಾಲು ಎಷ್ಟು? ಹುಡುಗಿ ತನ್ನ ಪೋರ್ಟ್‌ಫೋಲಿಯೊದಲ್ಲಿ ಅವರ ಮಾತನ್ನು ಹಾಕಿದ್ದಾಳೆ. ಹಾಕಿದ ಪುಟವನ್ನು ಆಮೇಲೆ ಅವರಿಗೆ ತೋರಿಸಿದಳೋ ಇಲ್ಲವೋ, ಕೇಳಬೇಕು.

*

ಹೊಸ ಹುಡುಗ ಬಂದಿದ್ದಾನೆ. ಒತ್ತಕ್ಷರದ ಗೊಡವೆಯನ್ನು ಮೊದಲೇ ಹೇಳಿಬಿಡಲೋ, ತಾನೇ ಎಡವಲೆಂದು ಬಿಡಲೋ ಎಂದು ಯೋಚಿಸಿ ಕೊನೆಗೆ ಹೇಳಿಬಿಟ್ಟೆ. ತಲೆಯಾಡಿಸಿದ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ಅಡಿಗೆರೆಯನ್ನೂ ಎಳೆದ. ಅವನ ಮೊದಲ ಸ್ಕ್ರೀನಿನಲ್ಲೇ ‘ಶಾಸ್ತ್ರಿ’ಯವರ ಒತ್ತು ಕತ್ತರಿಸಿಹೋಗಿತ್ತು. ಹೇಳಿದ್ದು ದಂಡವಾಯಿತು ಎಂದುಕೊಂಡೆ. ಆದರೆ ಹುಡುಗಿಗೆ ಇಡೀ ದಿನ ಹಿಡಿದದ್ದನ್ನು ಅವನು ಊಟದ ಹೊತ್ತಿನೊಳಗೆ ಸರಿ ಮಾಡಿದ. ಎಲ್ಲಿ ನೋಡಬೇಕೆಂದು ಗೊತ್ತಿತ್ತು. ಹೇಳಿಕೊಟ್ಟರೆ ಎಡವುವುದು ತಪ್ಪುವುದಿಲ್ಲ, ಬಿದ್ದಲ್ಲಿ ಬಿದ್ದಿರುವ ಹೊತ್ತು ಕಡಿಮೆಯಾಗುತ್ತದೆ. ಹಾಗೆ ಉಳಿಸಿದ ಹೊತ್ತಿನಲ್ಲಿ ಅವನು ಏನನ್ನಾದರೂ ಕಳೆದುಕೊಂಡನೋ ಎಂಬುದು ಮುಂದಿನ ಟಿಪ್ಪಣಿಗೆ. ಸದ್ಯಕ್ಕಂತೂ ಹೇಳಿಕೊಡುವುದೆಂದು ತೀರ್ಮಾನಿಸಿದ್ದೇನೆ.