ಚಿರಕುಮಾರರ ವ್ರತಭಂಗ

ಹೃದಯವನ್ನು ಗೆದ್ದೆನೆಂದು ಬೀಗುವವನ ಸೋಲು ಒಮ್ಮೆ ಕಣ್ಣೀರನ್ನು ತರುತ್ತದೆ, ಒಮ್ಮೆ ನಗೆಯನ್ನು ತರುತ್ತದೆ. ರವೀಂದ್ರನಾಥ ಠಾಕೂರರು ಈ ಒಂದೇ ಸೋಲನ್ನು ಎರಡು ಬಗೆಯಾಗಿ ನಾಟಕಕ್ಕೆ ತಂದರು. ಮೊದಲನೆಯದು ಕಾರವಾರದಲ್ಲಿ ಹುಟ್ಟಿತು. ಅಣ್ಣನಾದ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದ ಕಾಲಕ್ಕೆ ತರುಣ ಕವಿ ಅವರ ಮನೆಗೆ ಬಂದಿದ್ದರು. ಇಂದು ಅಲ್ಲಿಯ ಕಡಲ ತಡಿಗೆ ಅವರದೇ ಹೆಸರು. ಅಲ್ಲಿ ಬರೆದ ‘ಪ್ರಕೃತಿರ್ ಪ್ರತಿಶೋಧ’ 1884ರಲ್ಲಿ ಅಚ್ಚಾಯಿತು. ಪ್ರಕೃತಿಯ ಸೇಡೆಂದು ಅದರ ಅರ್ಥ. ಎಲ್ಲ ಬಂಧನಗಳನ್ನೂ ಕಡಿದುಕೊಂಡ ಸಂನ್ಯಾಸಿಯೊಬ್ಬನು ಅನಾಥ ಬಾಲಿಕೆಯೊಬ್ಬಳ ಅಕ್ಕರೆಗೆ ಸಿಲುಕಿ, ಅಂಜಿ ಓಡುತ್ತಾನೆ. ಮನಸ್ಸು ಕರಗಿ ಮರಳುವಷ್ಟರಲ್ಲಿ ಅವಳು ಇಲ್ಲವಾಗಿರುತ್ತಾಳೆ.

ಆ ಕಡಲ ತಡಿಯ ಕಣ್ಣೀರು ಮುಂದೆ ‘ಚಿರಕುಮಾರ ಸಭಾ’ದಲ್ಲಿ ನಗೆಯಾಯಿತು. 1900ರಲ್ಲಿ ‘ಭಾರತಿ’ ಪತ್ರಿಕೆಯಲ್ಲಿ ಕಥೆಯಾಗಿ ಮೊದಲಾದ ಈ ಕೃತಿ 1925ರಲ್ಲಿ ಕಲಕತ್ತೆಯ ಸ್ಟಾರ್ ನಾಟಕಶಾಲೆಯಲ್ಲಿ ರಂಗವನ್ನೇರಿತು. ದೇಶಸೇವೆಗಾಗಿ ಎಂದೆಂದಿಗೂ ಮದುವೆಯಾಗಬಾರದೆಂದು ಪಣತೊಟ್ಟವರ ಸಭೆಯದು. ಚಂದ್ರಬಾಬು ಅದರ ಅಧ್ಯಕ್ಷರು. ಶ್ರೀಶ, ವಿಪಿನ, ಪೂರ್ಣ ಎಂಬವರು ಸದಸ್ಯರು. ಪೂರ್ಣನಾದರೋ ಸಭೆಯನ್ನು ಸೇರಿದುದೇ ಅಧ್ಯಕ್ಷರ ಸೋದರಸೊಸೆ ನಿರ್ಮಲೆಯ ಮೇಲಣ ಆಸೆಯಿಂದ! ಉಳಿದಿಬ್ಬರ ವೈರಾಗ್ಯ ಕರಗುವುದಕ್ಕೆ ಒಂದು ಕರವಸ್ತ್ರ, ಒಂದು ಹಾಡಿನ ಪುಸ್ತಕ ಸಾಕಾಗುತ್ತವೆ. ಮನುಷ್ಯಸ್ವಭಾವದ ಮರ್ಮವಿಲ್ಲಿದೆ. ದನಗಳ ಸುಳಿವೇ ಇಲ್ಲದ ಹೊಲಕ್ಕೆ ಯಾರೂ ಬೇಲಿ ಕಟ್ಟುವುದಿಲ್ಲ. ಹೆಣ್ಣಿನ ನೆರಳೂ ಬೇಡವೆಂದು ಸಾರುವವನು ಹಗಲಿರುಳು ಅವಳನ್ನೇ ನೆನೆಯುತ್ತಿರುತ್ತಾನೆ.

ಆದರೆ ಈ ನಗೆಯ ನಡುವೆ ಸಹೃದಯರು ಗಮನಿಸಬೇಕಾದ ವ್ಯಕ್ತಿಯೊಬ್ಬಳಿದ್ದಾಳೆ. ಅವಳು ಶೈಲಬಾಲೆ, ಎಳೆಯ ವಿಧವೆ. ತಂಗಿಯರಾದ ನೃಪಬಾಲೆ, ನೀರಬಾಲೆಯರಿಗೆ ವರಗಳನ್ನು ದೊರಕಿಸಲೆಂದು ಅವಳು ಗಂಡುಡುಗೆಯನ್ನು ತೊಟ್ಟು, ಅಬಲಾಕಾಂತನೆಂಬ ಹೆಸರಿನಿಂದ ಆ ಸಭೆಯನ್ನೇ ಸೇರುತ್ತಾಳೆ. ಕಾರವಾರ ಅಂಕೋಲೆಗಳ ಬಯಲಾಟಗಳನ್ನು ಕಂಡವರಿಗೆ ಗಂಡಸು ಹೆಣ್ಣುವೇಷ ಧರಿಸುವುದು ಹೊಸದಲ್ಲ. ಇಲ್ಲಿ ವೇಷ ತಿರುಗುಮುರುಗಾಗಿದೆ. ಸಭೆಯವರ ಬ್ರಹ್ಮಚರ್ಯ ತಾವಾಗಿ ತೊಟ್ಟುದು, ಬೇಕಾದಾಗ ಕಳಚಿಡಬಹುದಾದುದು. ಅವಳದು ಲೋಕವು ಹೊರಿಸಿದುದು. ಆ ಸಭೆಯಲ್ಲಿ ನಿಜವಾಗಿ ವ್ರತವನ್ನು ನಡೆಯಿಸುತ್ತಿದ್ದವಳು ವೇಷಧಾರಿಯೊಬ್ಬಳೇ!

ಕಡೆಗೆ ವ್ರತ ಮುರಿಯುತ್ತದೆ. ಮೂರು ಜೋಡಿಗಳು ಕೂಡುತ್ತವೆ. ಶೈಲಬಾಲೆ ಮಾತ್ರ ಇದ್ದಂತೆಯೇ ಉಳಿಯುತ್ತಾಳೆ. ಪ್ರಕೃತಿ ತರುಣರ ಹಟದ ಮೇಲೆ ಸೇಡು ತೀರಿಸಿಕೊಂಡಿತು. ರೂಢಿಯ ಹಟವನ್ನು ಮುಟ್ಟಲಾರದೆ ಹೋಯಿತು. ವಿಧವಾವಿವಾಹಕ್ಕೆ 1856ರಲ್ಲಿಯೇ ಕಾಯಿದೆಯ ಒಪ್ಪಿಗೆ ದೊರೆತಿದ್ದರೂ ಮನೆಮನೆಯ ಒಪ್ಪಿಗೆ ದೊರೆತಿರಲಿಲ್ಲ. ಪ್ರೇಕ್ಷಕರು ಅವಳ ಜಾಣತನಕ್ಕೆ ನಗುತ್ತಾರೆ. ಅವಳಿಗೂ ಒಂದು ಹೃದಯವುಂಟೆಂಬ ಪ್ರಶ್ನೆಯನ್ನು ರಂಗದ ಮೇಲೆ ಯಾರೂ ಎತ್ತುವುದಿಲ್ಲ. ಪರರ ಸುಖಕ್ಕಾಗಿ ದುಡಿಯುವವರ ಮನಸ್ಸನ್ನು ಕೇಳದಿರುವುದೂ ಮನುಷ್ಯಸ್ವಭಾವವೇ.

ನಾಟಕದಲ್ಲಿ ಶೈಲಬಾಲೆಗೆ ದೊರೆಯದುದು ಕವಿಯ ಮನೆಯಲ್ಲಿ ಮತ್ತೊಬ್ಬಳಿಗೆ ದೊರೆಯಿತು. 1910ರಲ್ಲಿ ರವೀಂದ್ರನಾಥರು ತಮ್ಮ ಮಗ ರಥೀಂದ್ರನಾಥನಿಗೆ ಎಳವೆಯಲ್ಲಿಯೇ ವಿಧವೆಯಾಗಿದ್ದ ಪ್ರತಿಮೆಯನ್ನು ತಂದುಕೊಂಡು ಸೊಸೆಯಾಗಿ ಬರಮಾಡಿಕೊಂಡರು. ಪ್ರಹಸನಕ್ಕೆ ತರುಣರ ವ್ರತವನ್ನು ಮುರಿಯುವುದು ಸುಲಭವಾಗಿತ್ತು. ರೂಢಿಯನ್ನು ಮುರಿಯುವುದಕ್ಕೆ ಒಂದು ಮನೆಯ ಬಾಗಿಲೇ ತೆರೆಯಬೇಕಾಯಿತು.